ಕೆರೆ, ಕಾವಲು, ಕೊಡಗೆ: ನೆಲವನ್ನು ಉಳಿಸಿಕೊಳ್ಳುವ ವೆಚ್ಚವನ್ನು ಕುರಿತು

ಕೆಲವು ವರ್ಷಗಳ ಹಿಂದೆ ನಮ್ಮ ಶ್ರೀಮಠದ ಪ್ರೌಢಶಾಲೆಯ ಹತ್ತನೆಯ ತರಗತಿಯಲ್ಲಿ ತತ್ಸಮ, ತದ್ಭವ, ದೇಶ್ಯ, ಅನ್ಯದೇಶ್ಯಗಳ ಪಾಠವನ್ನು ಮಾಡುತ್ತಿದ್ದೆನು. ಅನ್ಯದೇಶ್ಯಕ್ಕೆ ಉದಾಹರಣೆಗಳನ್ನು ಕೊಡಿರೆಂದಾಗ ಮಕ್ಕಳು ವಾಡಿಕೆಯಂತೆ ಕಛೇರಿ, ಅರ್ಜಿ, ಸಾಬೂನು ಎಂದು ಹೇಳುತ್ತ ಹೋದರು. ಹಿಂದಿನ ಬೆಂಚಿನ ಬಾಲಕನೊಬ್ಬನು ‘ಖರಾಬು’ ಎಂದನು. ಎಲ್ಲಿ ಕಂಡೆಯಪ್ಪಾ ಈ ಶಬ್ದವನ್ನು ಎಂದು ವಿಚಾರಿಸಲು, ತಮ್ಮ ಹೊಲದ ಪಹಣಿಯಲ್ಲಿ ಬರೆದಿದೆಯೆಂದೂ, ಹೊಲದಂಚಿನ ಹಳ್ಳವನ್ನೇ ಹಾಗೆ ಕರೆದಿದ್ದಾರೆಂದೂ ಉತ್ತರಿಸಿದನು. ಶಬ್ದದ ಅರ್ಥವೇನೆಂದು ಅವನೇ ಕೇಳಿದನು. ಕೆಟ್ಟದ್ದು, ಹಾಳಾದದ್ದು ಎಂದೆನು. ‘ಹಳ್ಳ ಯಾಕೆ ಕೆಟ್ಟದ್ದು ಗುರುಗಳೇ? ನಮ್ಮ ತೋಟಕ್ಕೆ ನೀರು ಅದರಿಂದಲೇ ಬರುತ್ತದಲ್ಲ’ ಎಂದನು. ಆ ಹೊತ್ತಿಗೆ ಗಂಟೆ ಬಾರಿಸಿದ್ದು ನನ್ನ ಪುಣ್ಯ. ಅಂದಿನಿಂದ ಆ ಪ್ರಶ್ನೆಯನ್ನು ಹಿಡಿದು ಶಾಸನಗಳನ್ನೂ ಕಾಯಿದೆಗಳನ್ನೂ ನನ್ನ ಅಲ್ಪಮತಿಗೆ ನಿಲುಕಿದಷ್ಟು ಓದುತ್ತ ಬಂದಿದ್ದೇನೆ. ಅದರ ಫಲವೇ ಈ ಲೇಖನ.

ಕಂದಾಯದ ಭಾಷೆಯಲ್ಲಿ ಹಳ್ಳವು ಕೆಟ್ಟದ್ದಾದುದಕ್ಕೆ ಕಾರಣ ಸರಳವಾದದ್ದು. ಸರ್ವೆ ಮಾಡಿದವರಿಗೆ ಬೇಕಾಗಿದ್ದುದು ಕಂದಾಯ ಕೊಡುವ ನೆಲ. ಕೊಡದ ನೆಲವೆಲ್ಲವೂ ಅವರಿಗೆ ಖರಾಬು. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳು ಇದನ್ನು ಎರಡು ಬಗೆಯಾಗಿ ವಿಂಗಡಿಸುತ್ತವೆ. ಕೃಷಿಗೆ ಒಗ್ಗದ್ದು ‘ಎ’ ಖರಾಬು. ದಾರಿ, ಹಳ್ಳ, ಕೆರೆಯಂಗಳ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು ‘ಬಿ’ ಖರಾಬು. ಊರಿಗೆ ಊರೇ ಉಪಯೋಗಿಸುವ ನೆಲಕ್ಕೆ ‘ಕೆಟ್ಟದ್ದು’ ಎಂಬ ಹೆಸರು ಹೀಗೆ ಅಂಟಿಕೊಂಡಿತು. ನಮ್ಮ ಜನ ಇದೇ ನೆಲಗಳಿಗೆ ಇಟ್ಟ ಹೆಸರುಗಳನ್ನು ನೋಡಿದರೆ ಇನ್ನೊಂದು ಮನಸ್ಸು ಕಾಣುತ್ತದೆ. ‘ಕಾವಲು’ ಎಂಬುದು ‘ಕಾಯ್’ ಧಾತುವಿನಿಂದ ಬಂದದ್ದು. ಕಾಯಬೇಕಾದ ನೆಲವೆಂದೇ ಅದರ ಅರ್ಥ. ‘ಗೋಮಾಳ’ದಲ್ಲಿ ದನವಿದೆ, ದನ ಮೇಯುವ ಬಯಲೂ ಇದೆ. ‘ಗುಂಡುತೋಪು’, ‘ಕಾನು’, ‘ದೇವರಕಾಡು’ ಇವುಗಳಲ್ಲಿ ಯಾವುದೊಂದೂ ನಿಂದೆಯ ಮಾತಲ್ಲ.

ಈ ನೆಲಗಳನ್ನು ಉಳಿಸಿಕೊಳ್ಳುವುದಕ್ಕೆ ಹಣ ಬೇಕು ಎಂಬುದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಸೇರಿಸಿದ್ದಾರೆ. ಆಗ ಈ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ದಾವಣಗೆರೆ ಜಿಲ್ಲೆಯಾದದ್ದು ೧೯೯೭ರಲ್ಲಿ. ಕನ್ನಡ ಶಾಸನಗಳನ್ನು ಓದುವವರಿಗೆ ಪದೇಪದೇ ಎದುರಾಗುವ ಕೆಲವು ಶಬ್ದಗಳಿವೆ: ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ, ದಸವಂದ. ಕೆರೆಯನ್ನು ಕಟ್ಟಿಸಿದವನಿಗೆ, ಇಲ್ಲವೆ ಅದನ್ನು ಮುಂದೆ ಕಾಪಾಡಿಕೊಂಡು ಬರುವವನಿಗೆ, ಆ ಕೆರೆಯ ನೀರುಣ್ಣುವ ಗದ್ದೆಯಲ್ಲಿಯೇ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಬಿಟ್ಟುಕೊಡುವುದು ಕೊಡಗೆ. ಹಾಗೆ ಕೆರೆಗೆಂದು ಬಿಟ್ಟ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಹೇಳುವ ಮಾತು ಬಿತ್ತುವಟ್ಟ. ಹತ್ತರಲ್ಲೊಂದು ಪಾಲು ಎಂಬುದರಿಂದ ಬಂದದ್ದು ದಸವಂದ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹಣವನ್ನು ಕೊಡಲಿಲ್ಲ, ನೆಲವನ್ನು ಕೊಟ್ಟರು. ಹಣ ಒಂದು ವರ್ಷದಲ್ಲಿ ಕರಗುತ್ತದೆ. ನೆಲ ವರ್ಷವರ್ಷವೂ ಬೆಳೆ ಕೊಡುತ್ತದೆ. ಕೆರೆಗೆ ನೀರಿದ್ದರೆ ಮಾತ್ರ ಆ ನೆಲಕ್ಕೆ ಬೆಳೆ, ಬೆಳೆಯಿದ್ದರೆ ಮಾತ್ರ ಕಾಯುವವನಿಗೆ ಕೂಳು. ಆದುದರಿಂದ ಕಾಯುವವನು ಮೈಮರೆಯುವಂತೆಯೇ ಇರಲಿಲ್ಲ. ಇಂತಹ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲೆಂಬ ಶಾಪಾಶಯವು ಶಾಸನದ ಕೊನೆಯಲ್ಲಿ ಬರುವುದುಂಟು. ಶಾಪವನ್ನು ಕಲ್ಲಿನ ಮೇಲೆ ಕೆತ್ತಿಸಬೇಕಾಯಿತೆಂದರೆ ಅಂದೂ ಅಳಿಯುವವರು ಇದ್ದರೆಂದೇ ತಿಳಿಯಬೇಕು.

ನೆಲವನ್ನು ಬೆಲೆ ಕೊಟ್ಟು ಪಡೆದ ಕಥೆಯೊಂದು ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಸೂಳೆಕೆರೆಯ ಕಥೆ ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ಆದರೆ ಅದನ್ನು ಕ್ರಯಪತ್ರವೆಂದು ಯಾರೂ ಓದಿದಂತಿಲ್ಲ. ಶಾಂತವ್ವೆಯೆಂಬ ರಾಜಕುಮಾರಿ ಕೆರೆ ಕಟ್ಟಿಸಬೇಕೆಂದು ನಿಶ್ಚಯಿಸಿದಳು. ಕಣಿವೆಯ ನೆಲವು ಅಲ್ಲಿ ವಾಸವಾಗಿದ್ದ ವೇಶ್ಯೆಯರದು. ಅವಳು ಅವರಲ್ಲಿ ಹೋಗಿ ನೆಲವನ್ನು ಬೇಡಿದಳು. ಅವರು ಹೊನ್ನು ಕೇಳಲಿಲ್ಲ, ಬೇರೆ ನೆಲ ಕೇಳಲಿಲ್ಲ. ಕೆರೆಗೆ ತಮ್ಮ ಹೆಸರಿರಬೇಕೆಂದು ಮಾತ್ರ ಕೇಳಿದರು. ಅವಳು ಒಪ್ಪಿದಳು, ಅವರು ಊರು ಬಿಟ್ಟುಕೊಟ್ಟರು. ಇದು ಜನರ ಬಾಯಲ್ಲಿ ಉಳಿದ ಪಾಠ. ಹಳೆಯ ಗೆಜೆಟಿಯರಿನಲ್ಲಿ ಕಾಣುವ ಪಾಠ ಬೇರೆ: ಮುಳುಗಿದ್ದು ಅವಳ ತಂದೆಯ ಪಟ್ಟಣ, ಕೋಪದಿಂದ ಕೆರೆಗೆ ಆ ಹೆಸರಿಟ್ಟವನೂ ಅವನೇ. ಎರಡರಲ್ಲಿ ಯಾವುದು ಚರಿತ್ರೆಯೆಂದು ನಿರ್ಣಯಿಸುವ ಸಾಮಗ್ರಿ ಇಲ್ಲ, ಪ್ರಾಯಶಃ ಎರಡೂ ಅಲ್ಲ. ಆದರೆ ಮೊದಲನೆಯದನ್ನೇ ಜನ ಉಳಿಸಿಕೊಂಡದ್ದು ಅರ್ಥವತ್ತಾಗಿದೆ. ಅರಸನ ಮಗಳಾದರೂ ಇನ್ನೊಬ್ಬರ ನೆಲವನ್ನು ಕೇಳಿಯೇ ಪಡೆಯಬೇಕು, ಪಡೆದುದಕ್ಕೆ ಬೆಲೆ ಕೊಡಬೇಕು ಎಂಬ ನ್ಯಾಯ ಅದರಲ್ಲಿದೆ. ಈಗ ಸರ್ಕಾರದ ಕಾಗದಪತ್ರಗಳಲ್ಲಿ ಕೆರೆಯ ಹೆಸರು ಶಾಂತಿಸಾಗರ. ಮರ್ಯಾದೆಯ ದೃಷ್ಟಿಯಿಂದ ಹಾಗೆ ಮಾಡಿದವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೂ ಹೆಸರೇ ಬೆಲೆಯಾಗಿದ್ದಲ್ಲಿ ಹೆಸರನ್ನು ತೆಗೆದರೆ ಕೊಟ್ಟ ಬೆಲೆಯನ್ನು ಹಿಂದಕ್ಕೆ ಪಡೆದಂತೆ ಆಗಲಿಲ್ಲವೇ? ನಮ್ಮ ರೈತರು ಇಂದಿಗೂ ಸೂಳೆಕೆರೆಯೆಂದೇ ಅನ್ನುತ್ತಾರೆ. ಕರಾರಿಗೆ ನಿಷ್ಠರಾದವರು ಅವರೇ.

ಎರಡು ಗುಡ್ಡಗಳ ನಡುವೆ ಸುಮಾರು ೯೫೦ ಅಡಿ ಉದ್ದದ ಏರಿ. ಅದರ ಹಿಂದೆ ಸುಮಾರು ೬,೫೦೦ ಎಕರೆ ನೀರು. ಸುತ್ತಳತೆ ಮೂವತ್ತು ಕಿಲೋಮೀಟರಿನಷ್ಟು. ಸಿದ್ಧನಾಲೆ, ಬಸವನಾಲೆಗಳೆಂಬ ಎರಡು ಕಾಲುವೆಗಳು. ಹರಿದ್ರಾ ಹೊಳೆ ಇಲ್ಲಿಂದ ಮುಂದೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗದ ಜನ ಕುಡಿಯುವ ನೀರಿಗೆ ಈ ಕೆರೆಯನ್ನು ನೆಚ್ಚಿಕೊಂಡಿದ್ದಾರೆ. ಇಷ್ಟು ದೊಡ್ಡ ಕೆರೆಯನ್ನು ಕಾಡುತ್ತಿರುವ ಎರಡು ರೋಗಗಳು ಹೂಳು ಮತ್ತು ಒತ್ತುವರಿ. ಕೆರೆಯ ಎಲ್ಲೆಯನ್ನು ಅಳೆದು ಕಲ್ಲು ನೆಡಬೇಕೆಂಬ ಕೂಗನ್ನು ಈ ಭಾಗದ ಮಠಾಧೀಶರೂ ಯುವಕರೂ ಎತ್ತಿದುದನ್ನು ನಾವೆಲ್ಲರೂ ಬಲ್ಲೆವು. ಎರಡು ರೋಗಗಳಿಗೂ ಮೂಲ ಒಂದೇ. ಮೇಲಿನ ಗುಡ್ಡ, ಕಾನು, ಹುಲ್ಲುಗಾವಲುಗಳು ತೆರವಾದರೆ ಮಣ್ಣು ಜಾರಿ ಕೆರೆಗೆ ಬರುತ್ತದೆ, ಮಣ್ಣು ತುಂಬಿದ ಅಂಗಳ ಬೇಸಿಗೆಯಲ್ಲಿ ಫಲವತ್ತಾದ ಹೊಲದಂತೆ ಕಾಣುತ್ತದೆ, ಕಂಡವನು ಬಿತ್ತುತ್ತಾನೆ. ಹೂಳೆತ್ತುವುದಕ್ಕೆ ಹಣ ಮಂಜೂರಾಗುತ್ತದೆ. ಹೂಳು ಬರುವ ದಾರಿಯ ಗುಡ್ಡವನ್ನು ಉಳಿಸುವುದಕ್ಕೆ ಆಗುವುದಿಲ್ಲ.

ಜಗಳೂರು ಸೀಮೆಯಲ್ಲಿ ಇದೇ ಮಾತನ್ನು ಇನ್ನೊಂದು ಬಗೆಯಿಂದ ಹೇಳಬಹುದು. ತುಂಗಭದ್ರೆಯ ನೀರನ್ನು ಏತದಿಂದ ಎತ್ತಿ ಆ ತಾಲ್ಲೂಕಿನ ೫೭ ಕೆರೆಗಳನ್ನು ತುಂಬಿಸುವ ಯೋಜನೆಗೆ ಸಿರಿಗೆರೆಯ ಶ್ರೀಗಳವರು ಪಟ್ಟ ಪ್ರಯಾಸ ನಾಡಿಗೆ ತಿಳಿದದ್ದು. ನೀರನ್ನು ದೂರದಿಂದ ತರಬಹುದು, ಕೆರೆಯ ನೆಲವನ್ನು ತರಲಾಗದು. ಅದೇ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳಿಗಾಗಿ ಸುಮಾರು ೭೭ ಚದರ ಕಿಲೋಮೀಟರ್ ಕಾಡನ್ನು ೨೦೧೧ರಲ್ಲಿ ವನ್ಯಧಾಮವೆಂದು ಸಾರಲು ಸಾಧ್ಯವಾದುದು, ಆ ನೆಲ ಮೊದಲೇ ಅರಣ್ಯವೆಂದು ಉಳಿದಿದ್ದುದರಿಂದ.

ಇಲ್ಲಿ ಶರಣರ ಪ್ರಸಂಗವೊಂದನ್ನು ನೆನೆಯದೆ ಮುಂದೆ ಹೋಗಲಾರೆ. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸುತ್ತಿದ್ದಲ್ಲಿಗೆ ಅಲ್ಲಮಪ್ರಭು ಬಂದು ಅವನನ್ನು ಒಡ್ಡನೆಂದು ಜರೆದುದು ಶೂನ್ಯಸಂಪಾದನೆಯ ಓದುಗರಿಗೆ ಗೊತ್ತು. ಪ್ರಭುವಿನ ದೃಷ್ಟಿ ಕೆರೆಯಾಚೆಗಿನ ನಿಲವಿನಲ್ಲಿತ್ತು. ಕೆಲವರು ಈ ಪ್ರಸಂಗವನ್ನು ಹಿಡಿದು, ಕೆರೆಕಟ್ಟೆಗಳು ಕಿರುಕುಳದ ಕೆಲಸ, ಶರಣರಿಗೆ ಸಲ್ಲದ್ದು ಎಂದು ವಾದಿಸಿದುದನ್ನು ಕೇಳಿದ್ದೇನೆ. ಅದು ಪ್ರಸಂಗವನ್ನು ಅರ್ಧಕ್ಕೆ ಓದಿದವರ ವಾದ. ಸಿದ್ಧರಾಮನ ಹೆಸರು ಕೆರೆಯೊಡನೆಯೇ ಉಳಿಯಿತಲ್ಲದೆ ಕೆರೆಯನ್ನು ಬಿಟ್ಟು ಉಳಿಯಲಿಲ್ಲ. ಜರೆದುದು ‘ನಾನು ಕಟ್ಟಿಸಿದೆ’ ಎಂಬ ಭಾವವನ್ನು. ದಾಸೋಹದಲ್ಲಿಯೂ ಕೊಟ್ಟವನ ಹೆಸರಿಗಿಂತ ಕೊಟ್ಟದ್ದರ ಸಲುವಳಿಯೇ ಮುಖ್ಯ.

ಈಗ ಪ್ರಸ್ತುತಕ್ಕೆ ಬರೋಣ. ಕೊಡಗೆಯ ಕಾಲ ಹೋದ ಮೇಲೆ ಈ ವೆಚ್ಚವನ್ನು ಹೊರುವವರಾರು? ಮೈಸೂರು ಸಂಸ್ಥಾನವು ೧೯೧೧ರಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ನನ್ನು ಮಾಡಿ, ಊರ ಕೆರೆಯನ್ನು ಊರವರಿಗೇ ಒಪ್ಪಿಸಲು ಯತ್ನಿಸಿತು. ಇಂದು ೪೦ ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ, ಅದಕ್ಕೆ ಮೇಲ್ಪಟ್ಟವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಕೆರೆಗಳಿಗೆಂದೇ ೨೦೧೪ರಲ್ಲಿ ಕಾಯಿದೆಯಿಂದ ಒಂದು ಪ್ರಾಧಿಕಾರ ಹುಟ್ಟಿತು; ೨೦೧೮ರಲ್ಲಿ ಅದು ರದ್ದಾಯಿತು. ಗ್ರಾಮ ಪಂಚಾಯಿತಿಯ ಕರ್ತವ್ಯಗಳಲ್ಲಿ ಗೋಮಾಳದ ಪಾಲನೆ, ಸಾಮಾಜಿಕ ಅರಣ್ಯ, ಮೇವು ಉರುವಲುಗಳ ಅಭಿವೃದ್ಧಿ ಎಲ್ಲವೂ ಬರೆದಿವೆ. ಮನೆಕಂದಾಯದ ರಸೀದಿಯನ್ನು ಬಿಡಿಸಿ ನೋಡಿದರೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಇವೆಲ್ಲ ಕಾಣುತ್ತವೆ. ಗೋಮಾಳದ ಹೆಸರಿನಲ್ಲಿ ಒಂದು ಕಾಸೂ ಕಾಣದು. (ಗ್ರಂಥಾಲಯ ಕರದ ಬಗೆಗೆ ಕನ್ನಡ ಪಂಡಿತನಾದ ನಾನು ದೂರುವಂತಿಲ್ಲ.) ೨೦೦೫ರ ಉದ್ಯೋಗಖಾತರಿ ಕಾಯಿದೆಯಿಂದ ಕೆರೆ ಕಟ್ಟೆಗಳಲ್ಲಿ ಕೂಲಿಯ ಕೆಲಸ ನಡೆದದ್ದು ನಿಜ, ಆದರೆ ಆ ಹಣದಲ್ಲಿ ಒಂದು ಗುಂಟೆ ನೆಲವನ್ನೂ ಕೊಳ್ಳುವಂತಿರಲಿಲ್ಲ.

ಕೊಳ್ಳುವ ಅಗತ್ಯವೇನು, ನೆಲ ಸರ್ಕಾರದ್ದೇ ಅಲ್ಲವೇ ಎಂದು ಕೇಳಬಹುದು. ಬಹುಮಟ್ಟಿಗೆ ಹೌದು, ಕಾಗದದ ಮೇಲೆ. ಇಲ್ಲಿಯೇ ನಮಗೆಲ್ಲರಿಗೂ ಮುಜುಗರವಾಗುವ ವಿಷಯ ಬರುತ್ತದೆ. ನಿಯಮದಂತೆ ಪ್ರತಿ ನೂರು ಜಾನುವಾರುಗಳಿಗೆ ೧೨ ಹೆಕ್ಟೇರು, ಎಂದರೆ ೩೦ ಎಕರೆಯಷ್ಟು, ಗೋಮಾಳವನ್ನು ಕಾದಿರಿಸಬೇಕು. ಲೆಕ್ಕ ದನದ ತಲೆಯ ಮೇಲೆ. ಟ್ರಾಕ್ಟರು ಬಂದು ಎತ್ತುಗಳು ಹೋದಂತೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ. ಆ ಹುಲ್ಲುಗಾವಲಿನಲ್ಲಿ ಇಂಗುವ ಮಳೆಗೆ ತಲೆಯೆಣಿಕೆಯಿಲ್ಲ. ಇನ್ನೊಂದು ಕಡೆ ಬಗರ್‌ಹುಕುಂ. ಹುಕುಮಿಲ್ಲದೆ ಉತ್ತದ್ದು ಎಂದೇ ಶಬ್ದಾರ್ಥ. ೧೯೯೧ರಲ್ಲಿ ನಮೂನೆ ೫೦, ೧೯೯೮ರಲ್ಲಿ ನಮೂನೆ ೫೩, ೨೦೧೮ರಲ್ಲಿ ನಮೂನೆ ೫೭ ಎಂದು ಸಕ್ರಮದ ಅರ್ಜಿಗಳಿಗೆ ಬಾಗಿಲು ಮೂರು ಸಲ ತೆರೆಯಿತು. ಅರ್ಜಿ ಹಾಕಿದವರಲ್ಲಿ ತುಂಡು ನೆಲವೂ ಇಲ್ಲದ ಕೂಲಿಕಾರರಿದ್ದರು. ಅವರಿಗೆ ನೆಲ ದೊರೆತದ್ದು ನ್ಯಾಯವೆಂದೇ ನಾನು ತಿಳಿಯುತ್ತೇನೆ. ತೋಟದ ಬೇಲಿಯನ್ನು ಗುಡ್ಡದ ಕಡೆಗೆ ಸರಿಸಿದ ಅನುಕೂಲಸ್ಥರೂ ಇದ್ದರು. ಅಡಿಕೆಗೆ ಬೆಲೆ ಬಂದಂತೆ ಚನ್ನಗಿರಿ ಸೀಮೆಯಲ್ಲಿ ಹಸಿರು ಹೆಚ್ಚಿತೆಂದು ನೋಡುವವರಿಗೆ ತೋರುತ್ತದೆ. ಆದರೆ ತೋಟದ ಹಸಿರು ನೀರನ್ನು ಕುಡಿಯುವ ಹಸಿರು, ಕಾನಿನ ಹಸಿರು ನೀರನ್ನು ಹಿಡಿದಿಡುವ ಹಸಿರು. ಈ ಶಾಲೆಯ ಕೊಠಡಿಗಳನ್ನು ಕಟ್ಟಿಸಿಕೊಟ್ಟ ಮಹನೀಯರಲ್ಲಿ ಅನೇಕರು ಅಡಿಕೆಯ ಬೆಳೆಗಾರರೆಂಬುದನ್ನು ಮರೆತು ಇದನ್ನು ಬರೆಯುತ್ತಿಲ್ಲ. ನನ್ನ ತೀರ್ಥರೂಪರ ಕಾಲದಲ್ಲಿ ನಮ್ಮ ಹೊಲದ ಬದುವೂ ಗೋಮಾಳದೊಳಕ್ಕೆ ನಾಲ್ಕು ಮಾರು ಸರಿದಿತ್ತು. ಆ ಬೆಳೆಯ ಅನ್ನವನ್ನುಂಡೇ ನಾನು ಹಳಗನ್ನಡ ವ್ಯಾಕರಣವನ್ನು ಕಲಿತದ್ದು.

ಊರೊಟ್ಟಿನ ನೆಲದ ಒತ್ತುವರಿಯನ್ನು ತೆರವು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಜನವರಿಯಲ್ಲಿ ಜಗಪಾಲ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶ ನೀಡಿತು. ತೆರವು ಸಾಧ್ಯವಿರುವಲ್ಲಿ ಅದೇ ಮಾರ್ಗ. ಆದರೆ ನ್ಯಾಯವಾಗಿಯೇ ಮಂಜೂರಾಗಿ ಹಕ್ಕುಪತ್ರ ಪಡೆದ ನೆಲ ಕೆರೆಯ ಹಳ್ಳದ ಮೇಲೆಯೇ ಇದ್ದರೆ ಏನು ಮಾಡುವುದು? ಆಗ ಉಳಿಯುವುದು ಶಾಂತವ್ವೆಯ ಮಾರ್ಗ, ಕೇಳಿ ಬೆಲೆ ಕೊಟ್ಟು ಪಡೆಯುವುದು.

ಹಾಗೆ ಪಡೆದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಚಾಮರಾಜನಗರ ಜಿಲ್ಲೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ಮಲೆಮಹದೇಶ್ವರ ಬೆಟ್ಟದ ಕಡೆಗೆ ಆನೆಗಳು ಹಾದುಹೋಗುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ದಾರಿಯಲ್ಲಿ ೨೫ ಎಕರೆಯಷ್ಟು ಖಾಸಗಿ ನೆಲವನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯು ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಇಪ್ಪತ್ತೈದೇ ಎಕರೆ, ಆದರೆ ಸರಿಯಾದ ಸ್ಥಳದಲ್ಲಿದ್ದುದರಿಂದ ಎರಡು ಕಾಡುಗಳನ್ನು ಹೊಲಿಯಿತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ನೆಲವನ್ನೂ ಕೊಳ್ಳಲಿಲ್ಲ, ಮರವನ್ನೂ ಕೊಳ್ಳಲಿಲ್ಲ. ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಗೂಡು ಕಟ್ಟುವ ಹುಣಿಸೆಮರಗಳನ್ನು ಕಡಿಯದೆ ಬಿಟ್ಟುದಕ್ಕಾಗಿ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರದ ಹಣ ಕೊಡುತ್ತ ಬಂದಿತು. ನೆಲದ ಒಡೆತನ ರೈತನಲ್ಲಿಯೇ ಇರಬೇಕು, ಆದರೆ ಅದನ್ನು ಕೆಡಿಸುವ ಹಕ್ಕನ್ನು ಮಾತ್ರ ಅವನಿಂದ ಕೊಳ್ಳಬೇಕು ಎಂಬ ಈ ಉಪಾಯ ನಮ್ಮ ಕೆರೆಯ ಮೇಲಿನ ಹಳ್ಳಗಳಿಗೆ ಬಹಳ ಒಪ್ಪುವಂತಹದು.

ಇವೆರಡರಲ್ಲಿಯೂ ಹಣ ಬಂದದ್ದು ಊರಿನಿಂದಲ್ಲ. ಊರೇ ಹಣ ಕೂಡಿಸಿದ ನಿದರ್ಶನವನ್ನು ನೋಡಬೇಕಾದರೆ ಸಾಗರದಾಚೆಗೆ ಹೋಗಬೇಕಾಗುತ್ತದೆ. ಅಮೆರಿಕದ ಕೊಲರಾಡೋ ಪ್ರಾಂತದ ಬೌಲ್ಡರ್ ನಗರದ ಪ್ರಜೆಗಳು ೧೯೬೭ರಲ್ಲಿ ಮತ ಚಲಾಯಿಸಿ, ನೂರು ಡಾಲರಿನ ವ್ಯಾಪಾರಕ್ಕೆ ನಲವತ್ತು ಸೆಂಟಿನಂತೆ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಆ ಹಣವನ್ನು ಊರ ಸುತ್ತಣ ಬೆಟ್ಟ ಬಯಲುಗಳನ್ನು ಕೊಳ್ಳುವುದಕ್ಕೆಂದೇ ಮೀಸಲಿಟ್ಟರು. ಇಂದು ಆ ಪುರಸಭೆಯ ರಕ್ಷಣೆಯಲ್ಲಿರುವ ನೆಲ ೪೦,೦೦೦ ಎಕರೆಗೂ ಮಿಕ್ಕದ್ದು. ಅವರು ಶ್ರೀಮಂತರು, ನಮಗೆ ಆ ಮಾತೇಕೆ ಎನ್ನಬಹುದು. ಅಂಗಡಿಯ ಪ್ರತಿ ವ್ಯಾಪಾರದಿಂದಲೂ ಒಂದಿಷ್ಟನ್ನು ತೆಗೆದಿಡುವ ‘ಧರ್ಮದ ಬಾಬು’ ನಮ್ಮ ಮಂಡಿಗಳಿಗೆ ಹೊಸದಾಗಿರಲಿಲ್ಲವೆಂಬುದನ್ನು ಅಡಿಕೆ ಮಂಡಿಯ ಹಿರಿಯರು ಬಲ್ಲರು. ಬೌಲ್ಡರಿನವರ ಹೊಸತನ ತೆರಿಗೆಯಲ್ಲಿಲ್ಲ, ಅದನ್ನು ಬೇರೆ ಖರ್ಚಿಗೆ ಮುಟ್ಟದೆ ನೆಲಕ್ಕೇ ಕಟ್ಟಿಹಾಕಿದುದರಲ್ಲಿದೆ. ಅದು ನಮ್ಮ ಬಿತ್ತುವಟ್ಟದ ನ್ಯಾಯವೇ.

ನಮ್ಮ ಕಾನೂನಿನಲ್ಲಿಯೂ ಇದಕ್ಕೆ ಕಿಂಡಿಯೊಂದಿದೆ. ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಅದಕ್ಕೆ ಸ್ಥಳೀಯ ಜೀವವೈವಿಧ್ಯ ನಿಧಿಯೆಂಬ ಪ್ರತ್ಯೇಕ ಗಂಟಿಗೆ ಅವಕಾಶವುಂಟು. ಆ ಹಣ ಆ ಊರಿನ ಎಲ್ಲೆಯೊಳಗಿನ ಜೀವವೈವಿಧ್ಯದ ರಕ್ಷಣೆಗೆ ಮಾತ್ರ ಸಲ್ಲಬೇಕು. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ರಾಜ್ಯ ಸರ್ಕಾರವು ಪಾರಂಪರಿಕ ತಾಣಗಳನ್ನು ಘೋಷಿಸಬಹುದು. ಅದರಿಂದ ಜೀವನೋಪಾಯಕ್ಕೆ ಧಕ್ಕೆಯಾದವರಿಗೆ ಪರಿಹಾರದ ಯೋಜನೆ ಮಾಡಬೇಕೆಂದೂ ಅದೇ ಕಲಮಿನಲ್ಲಿದೆ. ದೇಶದ ಮೊಟ್ಟಮೊದಲನೆಯ ಅಂತಹ ತಾಣ ೨೦೦೭ರಲ್ಲಿ ಕನ್ನಡ ನಾಡಿನಲ್ಲಿಯೇ ಆಯಿತು. ಅದು ನಲ್ಲೂರಿನ ಐವತ್ತು ಎಕರೆಗೆ ಮೀರಿದ ಹಳೆಯ ಹುಣಿಸೆಯ ತೋಪು. ಇದು ನಮ್ಮ ತಾಲ್ಲೂಕಿನ ನಲ್ಲೂರಲ್ಲ, ದೇವನಹಳ್ಳಿಯದು. ನಮ್ಮಲ್ಲಿ ಸಮಿತಿಗಳು ರಚನೆಯಾದುದು ನಡಾವಳಿ ಪುಸ್ತಕದಲ್ಲಿ ಕಾಣುವುದೇ ಹೆಚ್ಚು. ನಿಧಿಗೆ ಹಣ ಹಾಕುವವರು ಬೇಕು.

ತೊಡಕುಗಳನ್ನು ಮರೆಮಾಚಬಾರದು. ೨೦೧೩ರ ಭೂಸ್ವಾಧೀನ ಕಾಯಿದೆಯ ಪ್ರಕಾರ ನೆಲವನ್ನು ಸ್ವಾಧೀನಪಡಿಸಿಕೊಂಡರೆ ಮಾರುಕಟ್ಟೆಯ ಬೆಲೆಯ ಮೇಲೆ ಅಷ್ಟೇ ಮೊತ್ತದ ಸಾಂತ್ವನಧನವನ್ನೂ ಕೊಡಬೇಕು. ಗ್ರಾಮ ಪಂಚಾಯಿತಿಯ ಬೊಕ್ಕಸಕ್ಕೆ ಅದು ನಿಲುಕದು. ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರಾದ ನೆಲದ ಪರಭಾರೆಯನ್ನು ೧೯೭೮ರ ಕಾಯಿದೆ ತಡೆಯುತ್ತದೆ, ತಡೆಯಲೂ ಬೇಕು. ಕೆರೆಯ ಹೆಸರಿನಲ್ಲಿ ಬಡವನ ನೆಲ ಹೋಗಬಾರದು. ಧರ್ಮಸಂಸ್ಥೆಗಳು ಕೃಷಿಭೂಮಿಯನ್ನು ಹೊಂದಲು ಭೂಸುಧಾರಣಾ ಕಾಯಿದೆಯಲ್ಲಿದ್ದ ಅಡ್ಡಿ ೨೦೨೦ರ ತಿದ್ದುಪಡಿಯಿಂದ ಹೋಯಿತು. ಈ ತಿದ್ದುಪಡಿಯ ಬಗೆಗೆ ರೈತಸಂಘಗಳು ಎತ್ತಿದ ಆಕ್ಷೇಪ ಗಂಭೀರವಾದುದೇ ಹೌದು, ಏಕೆಂದರೆ ಅದೇ ಬಾಗಿಲಿನಿಂದ ನಿವೇಶನದ ವ್ಯಾಪಾರಿಯೂ ಒಳಗೆ ಬರುತ್ತಾನೆ. ಬಾಗಿಲಂತೂ ತೆರೆದಿದೆ, ಮಠಮಾನ್ಯಗಳು, ಹಳೆಯ ವಿದ್ಯಾರ್ಥಿಗಳ ಸಂಘಗಳು ಹಳ್ಳದ ಇಕ್ಕೆಲದ ಹತ್ತು ಹತ್ತು ಗುಂಟೆಯನ್ನು ಒಡೆಯನ ಒಪ್ಪಿಗೆಯಿಂದ ಕೊಂಡು ಪಂಚಾಯಿತಿಗೆ ದಾನಪತ್ರ ಮಾಡಿಕೊಡಲು ಈಗ ಅವಕಾಶವಿದೆ. ದಾನಪತ್ರದಲ್ಲಿ ಒಂದು ಷರತ್ತು ಇರಲೇಬೇಕು: ಈ ನೆಲದಲ್ಲಿ ಸಮುದಾಯಭವನವನ್ನಾಗಲಿ ಶಾಲೆಯ ಕೊಠಡಿಯನ್ನಾಗಲಿ ಕಟ್ಟಕೂಡದು. ಶಾಲೆಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಸತ್ಕಾರ್ಯದ ಹೆಸರಿನಲ್ಲಿ ಹೋದ ಗುಂಡುತೋಪುಗಳು ಕಡಿಮೆಯೇನಲ್ಲ.

ಕೊಳ್ಳುವುದಕ್ಕೆ ಮೊದಲು ಇರುವುದೆಷ್ಟೆಂದು ತಿಳಿಯಬೇಕು. ಊರಿನ ಗ್ರಾಮನಕ್ಷೆ, ಆಕಾರಬಂದು, ಪಹಣಿಗಳನ್ನು ಮುಂದಿಟ್ಟುಕೊಂಡು ಬಿ ಖರಾಬನ್ನೂ ಗೋಮಾಳವನ್ನೂ ಸರ್ವೆ ನಂಬರಿನ ಸಹಿತ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವುದಕ್ಕೆ ಹಣವೇನೂ ಬೇಕಾಗಿಲ್ಲ. ನಮ್ಮ ಶಾಲೆಯ ಮಕ್ಕಳಿಗೆ ಇಂತಹ ಪಟ್ಟಿ ಮಾಡುವ ಅಭ್ಯಾಸವನ್ನು ಎರಡು ವರ್ಷ ಮಾಡಿಸಿದ್ದೇನೆ. ಖರಾಬು ಎಂದ ಆ ಬಾಲಕನು ತನ್ನ ಹೊಲದಂಚಿನ ಹಳ್ಳವನ್ನು ಸರಪಳಿ ಹಿಡಿದು ಅಳೆದನು. ನಕ್ಷೆಯಲ್ಲಿ ಕಾಣುವ ಅಗಲಕ್ಕ��ಂತ ಹಳ್ಳ ಒಂಬತ್ತು ಅಡಿ ಕಿರಿದಾಗಿತ್ತು. ಒಂಬತ್ತು ಅಡಿಯಲ್ಲಿ ಐದು ಆಚೆಯ ದಡದವರದು, ನಾಲ್ಕು ತಮ್ಮದು ಎಂದು ಪುಸ್ತಕದಲ್ಲಿ ಬರೆದುಕೊಂಡು ಬಂದು ತೋರಿಸಿದನು. ಮನೆಯಲ್ಲಿ ಹೇಳಿದೆಯಾ ಎಂದು ಕೇಳಿದೆನು. ‘ಹೇಳಿದೆ ಗುರುಗಳೇ. ಆ ನಾಲ್ಕು ಅಡಿಯಲ್ಲಿ ಹದಿನಾರು ಅಡಿಕೆ ಸಸಿ ಇವೆ. ಎಣಿಸಿಕೊಂಡು ಬಾ ಅಂತ ಅಪ್ಪನೇ ಕಳಿಸಿದರು’ ಎಂದನು.